ಮೂಳೆ ತೊಳೆದ ನೀರು

ಜಗಲಿಯಲ್ಲಿ ಕೂತು ಮೂಳೆ ತೊಳೆಯುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಅದೇ ನನ್ನ ಕೆಲಸ. ಅದು ಪುಲ್ಪಳ್ಳಿ ಪೊಲೀಸ್ ಸ್ಟೇಷನ್ನಿಗೆ ನಕ್ಸಲರು ನುಗ್ಗಿದ ಮರುವರ್ಷ. ಭೂಮಿಯ ಹೋರಾಟಕ್ಕೆಂದು ಕಾಡು ಸೇರಿದ ಧರಣೇಂದ್ರಣ್ಣನ ಸುದ್ದಿಯೇ ಇರಲಿಲ್ಲ. ಅವನ ಅಪ್ಪ, ನನ್ನ ದೊಡ್ಡಪ್ಪ, ತಮಿಳುನಾಡಿನಲ್ಲಿ ಅಗೆದು ತಂದಿದ್ದ, ಕಲ್ಲಾಗಿಹೋದ ಡೈನೋಸಾರ್ ಮೂಳೆಗಳ ಮುಂದೆಯೇ ದಿನ ಕಳೆಯುತ್ತಿದ್ದರು.

“ನೋಡು ವಿಮಲಾ, ಇದು ಬೆನ್ನಿನ ಕವಚದ ಬಿಲ್ಲೆ. ಒಂದೇ ಬಿಲ್ಲೆಗೆ ಜೋಡಿ ಮುಳ್ಳು! ಇಂಥ ಜಾತೀನ ಯಾರೂ ಕಂಡಿಲ್ಲ. ಇದಕ್ಕೆ ಧರಣಿ ಹೆಸರೇ ಇಡ್ತೀನಿ,” ಎಂದು ದೊಡ್ಡಪ್ಪ ನನಗೆ ತೋರಿಸಿದರು.

“ಅವನಿಗೂ ಮೈಯೆಲ್ಲ ಮುಳ್ಳೇ ಅಲ್ವೇನೋ,” ಎಂದು ಅಜ್ಜಿ ನಕ್ಕು ಕಣ್ಣೊರೆಸಿಕೊಂಡರು.

ತೊಳೆದ ನೀರನ್ನು ರೂಢಿಯಂತೆ ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಬಾವಿಗೆ ಬಿಟ್ಟೆ. ಸೋಸುವಾಗ ಸಿಕ್ಕ ಸಣ್ಣ ಜೀವಗಳನ್ನು ಅವು ಬಂದ ನೀರಿಗೇ ಮರಳಿಸುವುದು ನಮ್ಮ ಜೈನರ ಮನೆಯ ಪದ್ಧತಿ.

“ಹುಚ್ಚೀ, ಈ ಕಲ್ಲಲ್ಲಿ ಎಲ್ಲಿಯ ಜೀವ?” ಎಂದರು ದೊಡ್ಡಪ್ಪ.

ಮರುದಿನ ಸೇದಿದ ನೀರು ಬೆಚ್ಚಗಿತ್ತು. ನೆರಳಲ್ಲಿಟ್ಟ ಬಿಲ್ಲೆಗಳೂ ಬೆಚ್ಚಗಿದ್ದವು, ಈಗಷ್ಟೇ ಯಾರೋ ಎದ್ದುಹೋದ ಚಾಪೆಯ ಹಾಗೆ. ಮಧ್ಯಾಹ್ನ ಬಾವಿಯೊಳಗಿಂದ ಗಟಗಟನೆ ಕುಡಿಯುವ ಸದ್ದು ಬಂತು, ಆಮೇಲೆ ಒಂದು ತೃಪ್ತಿಯ ಉಸಿರು. ಬಿಸಿಲಲ್ಲಿ ಬಂದಾಗ ಅಣ್ಣ ಹಾಗೆಯೇ ಕುಡಿಯುತ್ತಿದ್ದ. ನನಗೆ ಭಯವಾಗಲಿಲ್ಲ. ದೊಡ್ಡಪ್ಪನ ಕೈಯಲ್ಲಿದ್ದ ಬ್ರಷ್ ನಿಂತುಹೋಯಿತು.

ಇಬ್ಬರೂ ಬಾವಿಕಟ್ಟೆಗೆ ಓಡಿದೆವು. ಬೆಳಿಗ್ಗೆ ಇದ್ದ ನೀರು ಒಂದು ಮೊಳ ಕೆಳಗಿಳಿದಿತ್ತು. ದೊಡ್ಡಪ್ಪ ಬಗ್ಗಿ, ಮಲಗಿದ ಮಗುವನ್ನು ಎಬ್ಬಿಸುವವರಂತೆ ಮೆಲ್ಲಗೆ ಹೇಳಿದರು:

“ಧರಣೀ, ನೀನೇ ಆದ್ರೆ ಇನ್ನೊಂದ್ಸಲ ಕುಡಿಯಪ್ಪಾ.”

ಆಮೇಲೆ ಕಟ್ಟೆಗೆ ಕಿವಿಯಿಟ್ಟು, ಕತ್ತಲಾಗುವವರೆಗೂ ಅಲ್ಲೇ ಕೂತರು.