ಅಂಬುತಾಯಿಯ ಬಲಗೈ

ಸ್ಮೃತಿಗವಸು ತೊಟ್ಟೊಡನೆ ಅಂಬುತಾಯಿ ಹಾವನೂರರ ಬಲಗೈಯ ನಡುಕ ನಿಂತಿತು. ಪಿಟೀಲಿನ ಕಮಾನು ತಂತಿಯ ಮೇಲೆ ಎಣ್ಣೆ ಸವರಿದಂತೆ ಜಾರಿತು.

ಚರ್ಮದಷ್ಟೇ ತೆಳುವಾದ ಆ ಕೈಗವಸನ್ನು ಕಂಪವಾತದ ರೋಗಿಗಳಿಗಾಗಿ ರೂಪಿಸಿದವನು ಧಾರವಾಡದ ವಿಜ್ಞಾನಿ ನಿರಂಜನ ಸೂಡಿ. ಧರಿಸಿದವರ ಕೈ ಹಿಂದೆ ಹೇಗೆ ಚಲಿಸುತ್ತಿತ್ತೆಂಬುದನ್ನು ಹಳೆಯ ವಿಡಿಯೊಗಳಿಂದ ಕಲಿತು, ಅದು ಸ್ನಾಯುಗಳನ್ನು ಅದೇ ಜಾಡಿನಲ್ಲಿ ನಡೆಸುತ್ತಿತ್ತು. ಒಂದು ಗವಸು ಕಲಿತದ್ದು ನಿಸ್ತಂತು ಜಾಲದ ಮೂಲಕ ಉಳಿದೆಲ್ಲ ಗವಸುಗಳಿಗೂ ತಲುಪುತ್ತಿತ್ತು.

ಅಂಬುತಾಯಿ ಕಮಾನನ್ನು ಕೆಳಗಿಟ್ಟರು. "ಇದು ನನ್ನ ಕೈ ಅಲ್ಲೋ ನಿರಂಜನಾ. ಮೂವತ್ತು ವರ್ಷದ ಹಿಂದಿನ ಅಂಬುತಾಯೀದು. ಅಕಿ ಬಾರಿಸಿದ್ದನ್ನ ನಾ ಯಾಕ ಮತ್ತ ಬಾರಿಸ್ಲಿ?"

"ಜನಕ್ಕ ಅದೇ ಬೇಕಲ್ರೀ ಬಾಯಾರ."

"ಜನ ಆವಾಗ ಎದ್ದು ಹೋಗಿದ್ರು!"

ನಿಜ. ತಂತಿಗೆ ಗೆಜ್ಜೆ ಕಟ್ಟಿ, ಕಮಾನಿನ ಕಟ್ಟಿಗೆಯಿಂದ ಬಡಿದು ನುಡಿಸುತ್ತಿದ್ದ ಆಕೆಯನ್ನು ಊರೇ ಹುಚ್ಚಿ ಎಂದಿತ್ತು. ಈಗ ಅದೇ ಊರು ಶಾಲು ಹಿಡಿದು ನಿಂತಿತ್ತು.

ಸನ್ಮಾನದ ಸಂಜೆ ಅವರು ಗವಸು ತೊಟ್ಟೇ ವೇದಿಕೆ ಏರಿದರು. ನಿರಂಜನ ನೆಮ್ಮದಿಯ ಉಸಿರುಬಿಟ್ಟ. ಆದರೆ ಗವಸು ಹಳೆಯ ಜಾಡು ಹಿಡಿದೊಡನೆ ಅಂಬುತಾಯಿ ಹಲ್ಲು ಕಚ್ಚಿ ಕೈಯನ್ನು ಎದುರು ದಿಕ್ಕಿಗೆ ಎಳೆದರು. ಗವಸು ಜಗ್ಗಿತು; ಅವರೂ ಜಗ್ಗಿದರು. ಆ ಹಗ್ಗಜಗ್ಗಾಟದಲ್ಲಿ ಕಮಾನು ಚೀರಿತು, ಮುಗ್ಗರಿಸಿತು, ಯಾರೂ ಕೇಳರಿಯದ ನಾದವೊಂದು ಸಭೆಯ ಮೇಲೆ ಎರಗಿತು. ಮುಂದಿನ ಸಾಲಿನ ಗಣ್ಯರು ಒಬ್ಬೊಬ್ಬರಾಗಿ ಎದ್ದುಹೋದರು. ಅಂಬುತಾಯಿಯ ಮುಖ ಅರಳಿತು. ಭುಜ ಸೋಲುವವರೆಗೂ ನುಡಿಸಿದರು.

ಮರುದಿನದಿಂದಲೇ ನಿರಂಜನನ ಪ್ರಯೋಗಾಲಯಕ್ಕೆ ಕರೆಗಳು ಬರತೊಡಗಿದವು. ದೂರುಗಳಿರಬಹುದೆಂದು ಆತ ಹಿಂಜರಿಯುತ್ತಲೇ ಉತ್ತರಿಸಿದ. ಆದರೆ ಗದಗಿನ ದರ್ಜಿಯೊಬ್ಬ ಹೇಳಿದ: "ಸಾಹೇಬ್ರ, ಗವಸು ಹಾಕ್ಕೊಂಡಾಗಿಂದ ಕೈ ಬರೇ ಹಳೇ ನಮೂನಿ ಕುಪ್ಪಸಾನ ಕತ್ತರಸ್ತಿತ್ತು. ಇವತ್ತು ನಾ ಹಟ ಹಿಡದೆ, ಅದು ಬಿಟ್ಟುಕೊಡ್ತು! ಮೊಮ್ಮಗಳಿಗೆ ಹೊಸ ಥರದ್ದು ಹೊಲದೇನಿ."

ನಿರಂಜನನಿಗೆ ಆಗ ಹೊಳೆಯಿತು: ಧರಿಸಿದವರು ಹಟ ಹಿಡಿದರೆ ಸೋಲಬೇಕೆಂಬುದನ್ನು ಗವಸುಗಳೆಲ್ಲ ಅಂಬುತಾಯಿಯಿಂದ ಒಂದೇ ಸಂಜೆಯಲ್ಲಿ ಕಲಿತಿದ್ದವು. ತಾನು ಎಂದೂ ಯೋಚಿಸದ ಪಾಠವದು. ಸುದ್ದಿ ತಿಳಿಸಲು ಅವರ ಮನೆಗೆ ಓಡಿದ.

ಅಂಬುತಾಯಿ ಬೆವರುತ್ತ, ಕೆಂಡಾಮಂಡಲವಾಗಿ ಕುಳಿತಿದ್ದರು. ಆತ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಮಂದಿಗೆ ಛಲೋ ಆತು, ಸಂತೋಷ," ಎಂದು ಗವಸನ್ನು ಕಿತ್ತು ಅವನತ್ತ ಎಸೆದರು. "ಆದ್ರ ನನ್ನ ಮುಂದ ಇದು ಬೆಕ್ಕಿನ ಮರಿ ಆಗೇದ. ನಾ ಯಾರ ಕೂಡ ಜಗಳಾಡ್ಲಿ? ಹೋಗು, ಸೋಲದಂಥಾದ್ದೊಂದು ಮಾಡ್ಕೊಂಡು ಬಾ!"