ಒಬ್ಬರು ಮೇಲಿರಲಿ

ಟಕ್.

ಯಾರೋ ಉಗುರಿನ ತುದಿಯಿಂದ ಮರವನ್ನು ತಟ್ಟಿದಷ್ಟು ಸಣ್ಣ ಸದ್ದು. ನಡುರಾತ್ರಿ ಕಳೆದಿತ್ತು. ಸದ್ದು ನೆಲದಡಿಯಿಂದ ಬಂದಿತ್ತು. ಸೊಸೆ ಎದ್ದು ನಡುಮನೆಗೆ ಬಂದಾಗ ಅತ್ತೆ ಕತ್ತಲಲ್ಲೇ ತಮ್ಮ ಕುರ್ಚಿಯಲ್ಲಿ ಕೂತಿದ್ದರು.

"ಕೇಳಿಸ್ತಾ?"

"ನೀರಿನ ಪೈಪು ಅತ್ತೆ. ಬಂದು ಇನ್ನೂ ವಾರ ಆಗಿಲ್ಲ, ಈ ಮನೆ ಸದ್ದು ನಮಗೆ ಅಭ್ಯಾಸ ಆಗ್ಬೇಕು."

"ಪೈಪು ಉಸಿರಾಡೋದನ್ನ ನಾನಂತೂ ಕಂಡಿಲ್ಲಮ್ಮ."

ಮನೆ ಮಾರಿದ ಮುದುಕಿ ಹೇಳಿದ್ದನ್ನು ಅತ್ತೆ ಇನ್ನೂ ಮೆಲುಕು ಹಾಕುತ್ತಿದ್ದಾರೆ ಎಂದು ಸೊಸೆಗೆ ನಗು ಬಂತು. ಬೀಗದ ಕೈ ಕೊಟ್ಟ ಮೇಲೂ ಆ ಮುದುಕಿ ಅವಳ ಕೈ ಬಿಟ್ಟಿರಲಿಲ್ಲ. "ನೆಲಮಾಳಿಗೆಗೆ ಹೋಗಿ, ಬನ್ನಿ, ಏನಾದ್ರೂ ಮಾಡ್ಕೊಳ್ಳಿ. ಮನೆಯವರೆಲ್ಲ ಒಟ್ಟಿಗೆ ಮಾತ್ರ ಇಳೀಬೇಡಿ. ಯಾವಾಗ್ಲೂ ಒಬ್ಬರು ಮೇಲಿರಲಿ." ಮುದುಕಿಯ ಮೈದುನ, ಆಸ್ತಿಯಲ್ಲಿ ಪಾಲು ಸಿಗದೆ ಹೊರಬಿದ್ದವನು, ಅಲ್ಲಿ ಮಾಟ ಮಾಡಿಸಿ ಹೂತಿದ್ದನಂತೆ. ಮನೆಯವರೆಲ್ಲ ನೆಲದ ಕೆಳಗಿರುವ ಗಳಿಗೆಯಲ್ಲಿ ಅವರು ಮಣ್ಣಾದಂತೆಯೇ ಲೆಕ್ಕ. ಆಗ ಕೆಳಗಿರುವುದು ಅವರಲ್ಲೊಬ್ಬರ ರೂಪ ತಳೆದು ಮೇಲೆ ಬರುತ್ತದೆ. ಆ ಒಬ್ಬರು ಕೆಳಗೇ ಉಳಿಯುತ್ತಾರೆ.

"ಹಾಗಾದ್ರೆ ಸರದಿ ಮೇಲೆ ಸಿನಿಮಾ ನೋಡ್ತೀವಿ ಬಿಡಿ," ಎಂದಿದ್ದಳು ಸೊಸೆ. ಮುದುಕಿ ನಗಲಿಲ್ಲ.

ನೆಲಮಾಳಿಗೆಯಲ್ಲೊಂದು ಸಿನಿಮಾ ಕೋಣೆ ಮಾಡಿಸುವ ಆಸೆಗೇ ಅವಳು ಈ ಮನೆ ಒಪ್ಪಿದ್ದು. ಹಳೆಯ ಮನೆಯಲ್ಲಿ ನಾಲ್ವರೂ ನಾಲ್ಕು ಮೂಲೆಯಲ್ಲಿ ಮೊಬೈಲಿಗೆ ಮುಖ ಕೊಟ್ಟು ಬದುಕುತ್ತಿದ್ದರು. ಪುಟ್ಟಿಗೆ ಏಳು ವರ್ಷ. ಅಪ್ಪ ಅಮ್ಮ ಅಜ್ಜಿ ಒಟ್ಟಿಗೆ ನಕ್ಕಿದ್ದನ್ನು ಮಗು ಕಂಡೇ ಇಲ್ಲವಲ್ಲ ಎಂಬ ಅಳುಕು ಅವಳನ್ನು ಕೊರೆಯುತ್ತಿತ್ತು. ಗೋಡೆಯಗಲದ ಪರದೆ, ಒರಗುವ ನಾಲ್ಕು ಕುರ್ಚಿ, ಸದ್ದು ಹೊರಹೋಗದ ಗೋಡೆ. ಅಲ್ಲಿ ಒಂದು ಸಂಜೆ ಎಲ್ಲರೂ ಒಟ್ಟಿಗೆ ಕೂತರೆ ಈ ಮನೆ ಮನೆಯಾದೀತು.

ಕೆಲಸ ಶುರುವಾಯಿತು. ಪರದೆಯ ಕಡೆಯ ನೆಲ ಅಗೆದಾಗ ಮಣ್ಣಿನ ಬೊಂಬೆಯೊಂದು ಸಿಕ್ಕಿತು. ಅಂಗೈಯಷ್ಟುದ್ದ. ಮೈತುಂಬ ತುಕ್ಕು ಹಿಡಿದ ಮೊಳೆ, ಕೊರಳಿಗೆ ಸುತ್ತಿದ ಕೂದಲು, ಬಾಯಿಯ ಜಾಗದಲ್ಲಿ ಒಂದು ತೂತು. ಬಡಗಿ ಉಳಿ ಬಿಟ್ಟು ಹಿಂದೆ ಸರಿದ.

"ಹೊರಗೆ ಹಾಕ್ಸಿ ಮೇಡಂ. ನಾನು ಮುಟ್ಟಲ್ಲ."

ಅತ್ತೆ ಮೆಟ್ಟಿಲ ತುದಿಯಿಂದಲೇ ಕೂಗಿದರು. "ಮೊದ್ಲು ಆ ಮುದುಕಿಗೆ ಫೋನ್ ಮಾಡೇ! ಏನು ಮಾಡ್ಬೇಕು ಅಂತ ಕೇಳು!"

ಸೊಸೆ ಬೊಂಬೆಯನ್ನು ಎತ್ತಿಕೊಂಡಳು. ಅದು ಬೆಚ್ಚಗಿತ್ತು. ಬಿಸಿಲಿಲ್ಲದ ಕಡೆ ಬೆಚ್ಚಗೇಕಿದೆ ಎಂದು ಒಂದು ಕ್ಷಣ ಅನಿಸಿತು. ಎಲ್ಲರೂ ನೋಡುತ್ತಿದ್ದರು. ಗೋಡೆಯ ಮರದ ಚೌಕಟ್ಟಿನೊಳಗೆ ಸದ್ದು ಹೀರುವ ಗಾಜುನಾರಿನ ಗ್ಲಾಸ್ ವುಲ್ ತುಂಬಿ ಬಟ್ಟೆಯ ಪ್ಯಾನೆಲ್ ಹೊದಿಸುವ ಕೆಲಸ ನಡೆದಿತ್ತು. ಅವಳು ಬೊಂಬೆಯನ್ನು ಅದರೊಳಗೆ ತುರುಕಿದಳು.

"ಬಾಯಿ ತೆರೆದೇ ಇದೆಯಲ್ಲ, ಸದ್ದು ಚೆನ್ನಾಗಿ ನುಂಗುತ್ತೆ. ಪ್ಯಾನೆಲ್ ಮುಚ್ಚಿ."

ಭಾನುವಾರ ಸಂಜೆ ಕೋಣೆ ಸಿದ್ಧವಾಯಿತು. ಹೊಸ ಕಾರ್ಪೆಟ್ಟಿನ, ಅಂಟಿನ ವಾಸನೆ. ಅದರಡಿಯಲ್ಲಿ ಎಲ್ಲೋ ಹಸಿಮಣ್ಣಿನ ವಾಸನೆ. ಅತ್ತೆ ಮಾತ್ರ ಕುರ್ಚಿ ಬಿಟ್ಟೇಳಲಿಲ್ಲ. ಬೇಸರವಾದಾಗ ಉಂಗುರದಿಂದ ಕುರ್ಚಿಯ ಕೈಯನ್ನು ಮೂರು ಸಲ ಕುಟ್ಟುವುದು ಅವರ ಚಾಳಿ. ಟಕ್ ಟಕ್ ಟಕ್.

"ನೀವು ನೋಡಿ ಬನ್ನಿ. ನಾನು ಮೇಲಿರ್ತೀನಿ."

"ಕಾವಲಿಗಾ ಅತ್ತೆ? ಸಂಬಳ ಎಷ್ಟು ಕೊಡ್ಲಿ?"

"ನಿನ್ನ ಅಡುಗೆ ತಿಂತಿದ್ದೀನಲ್ಲ, ಅದಕ್ಕೇ ಮೊದ್ಲು ಸಂಬಳ ಕೊಡು."

ಗಂಡ ನಕ್ಕ. "ಬಾಮ್ಮ, ಅರ್ಧ ಗಂಟೆ. ಪುಟ್ಟಿ ಕಾಯ್ತಾ ಇದ್ದಾಳೆ."

ಪುಟ್ಟಿ ಬಂದು ಕೈ ಎಳೆದಳು. ಮಗ ಎಳೆದರೆ ಏಳದವರು ಮೊಮ್ಮಗಳು ಎಳೆದರೆ ಎದ್ದರು.

ನಾಲ್ವರೂ ಕೆಳಗಿಳಿದರು. ಮೆಟ್ಟಿಲ ತುದಿಯ ದಪ್ಪ ಬಾಗಿಲು ಮುಚ್ಚಿಕೊಂಡಿತು. ಕಿವಿಯೊಳಗೆ ಹತ್ತಿ ತುರುಕಿದಂಥ ಮೌನ. ಪರದೆಯ ಮೇಲೆ ಗಂಡ ಪುಟ್ಟಿಯ ಹಳೆಯ ವಿಡಿಯೊ ಹಾಕಿದ. ಮೊದಲ ಹೆಜ್ಜೆ ಇಟ್ಟು, ಬಿದ್ದು, ಬಿದ್ದದ್ದಕ್ಕೇ ಕೇಕೆ ಹಾಕುವ ಮಗು. ನಾಲ್ವರೂ ನಕ್ಕರು. ಅತ್ತೆಯೂ. ಸೊಸೆಗೆ ಕಣ್ಣು ಒದ್ದೆಯಾಯಿತು.

ಆಗ ಮೇಲೆ ಯಾರೋ ನಡೆದರು.

ಈ ಕೋಣೆಗೆ ಮೇಲಿನ ಸದ್ದು ಬರುವಂತಿರಲಿಲ್ಲ. ಆದರೂ ಬಂತು. ನಿಧಾನವಾದ ಹೆಜ್ಜೆ. ಅತ್ತೆಯ ಕುರ್ಚಿ ಕಿರುಗುಟ್ಟಿದ ಸದ್ದು. ಪರದೆ ಆರಿಹೋಯಿತು.

ಕತ್ತಲು. ಸುಟ್ಟ ಕೂದಲಿನ ವಾಸನೆ.

"ಫ್ಯೂಸ್ ಹೋಗಿರ್ಬೇಕು. ಎಲ್ಲರೂ ಕೂತಲ್ಲೇ ಇರಿ," ಎಂದು ಗಂಡ ತಡಕಾಡಿಕೊಂಡು ಮೆಟ್ಟಿಲು ಹತ್ತಿದ. ಸೊಸೆ ಪಕ್ಕದ ಕುರ್ಚಿಗೆ ಕೈ ಚಾಚಿದಳು. ಸಿಕ್ಕಿದ್ದು ಬರಿಯ ಕುರ್ಚಿ. ಬೆಚ್ಚಗಿತ್ತು. ಪುಟ್ಟಿ ಇರಲಿಲ್ಲ.

ಮೇಲೆ ಬಾಗಿಲು ತೆರೆಯಿತು. ಮೆಟ್ಟಿಲ ಮೇಲೆ ಬೆಳಕು ಬಿತ್ತು. "ಮೇಲೆಲ್ಲ ಕರೆಂಟ್ ಇದೆ ಕಣೇ. ಪುಟ್ಟಿ ನನ್ನ ಹಿಂದೇ ಬಂದ್ಬಿಟ್ಟಿದ್ದಾಳೆ. ನೀವೂ ಬನ್ನಿ."

ಅದೇ ಹೊತ್ತಿಗೆ ಗೋಡೆಯೊಳಗಿಂದ, ಬಟ್ಟೆಯ ಹಿಂದಿನಿಂದ, ಬಾಯಿಗೆ ಮಣ್ಣು ತುಂಬಿದ ದನಿ.

"ಅಮ್ಮಾ."

ಸೊಸೆ ಗೋಡೆಗೆ ಬಿದ್ದಳು. ಉಗುರಿನಿಂದಲೇ ಬಟ್ಟೆ ಹರಿದಳು. ಗ್ಲಾಸ್ ವುಲ್ ಕಿತ್ತಳು. ಬೆರಳೆಲ್ಲ ಉರಿ. ಹಿಂದೆ ಸಿಮೆಂಟ್ ಇರಬೇಕಿತ್ತು. ಇರಲಿಲ್ಲ. ಒದ್ದೆ ಮಣ್ಣು. ಕೈ ಮುಳುಗಿತು. ಒಳಗೆ ಪುಟ್ಟ ಬೆರಳುಗಳು ಸಿಕ್ಕವು. ಹಿಡಿದಳು. ಎಳೆದಳು. ಒಳಗಿನಿಂದಲೂ ಯಾರೋ ಎಳೆದರು. ಮತ್ತೆ ಎಳೆದಳು. ಮಗುವಿನ ಕೈ ಜಾರುತ್ತಿತ್ತು.

"ಬಿಡ್ಬೇಡ!" ಅತ್ತೆ ಪಕ್ಕದಲ್ಲಿದ್ದರು. "ಒಬ್ಬರು ಸಿಗದೆ ಅದು ಬಿಡಲ್ಲ ಕಣೇ."

"ಅತ್ತೆ, ಬೇಡ..."

"ನಿನಗೆ ಹೇಳಿದ್ದು ಯಾವತ್ತು ಕೇಳಿದೀಯ? ಇವತ್ತಾದ್ರೂ ಕೇಳು. ನಾನು ಕೈ ಹಾಕ್ತೀನಿ. ಅದು ನನ್ನ ಹಿಡಿದ ತಕ್ಷಣ ನೀನು ಎಳಿ."

ಉಂಗುರದ ಕೈ ಮೊಣಕೈವರೆಗೆ ಮಣ್ಣಿಗಿಳಿಯಿತು. ಒಳಗಿನ ಎಳೆತ ಸಡಿಲಿತು. ಪುಟ್ಟಿ ಸೊಸೆಯ ಎದೆಗೆ ಬಂದು ಬಿದ್ದಳು, ಕೆಮ್ಮುತ್ತ, ಬಾಯಿಂದ ಮಣ್ಣು ಉಗುಳುತ್ತ. ತಿರುಗಿ ನೋಡಿದರೆ ಅತ್ತೆಯ ಸೀರೆಯ ಸೆರಗು ಗೋಡೆಯೊಳಗೆ ಹೋಗುತ್ತಿತ್ತು. ಹಿಡಿಯಲು ಅವಳಿಗೆ ಎರಡು ಕೈಯಿದ್ದವು. ಎರಡರಲ್ಲೂ ಮಗು ಇತ್ತು.

ದೀಪ ಬಂತು. ಗೋಡೆಯಲ್ಲಿ ಹರಿದ ಬಟ್ಟೆಯ ಹಿಂದೆ ಒಣ ಸಿಮೆಂಟ್.

"ಏನೇ, ಪುಟ್ಟಿ ಮತ್ತೆ ಕೆಳಗೆ ಓಡಿಬಂದ್ಲಾ?" ಮೇಲಿನಿಂದ ಗಂಡನ ದನಿ. "ಇಲ್ಲಿ ಅಮ್ಮ ಬಂದು ಕೂತಿದ್ದಾರೆ. ನೀನೂ ಬಾ."

ಅಂದಿನಿಂದ ಮನೆಯಲ್ಲಿ ಜಗಳವಿಲ್ಲ. ಕುರ್ಚಿಯಲ್ಲಿ ಕೂರುವವರು ಅಡುಗೆಗೆ ಹೆಸರಿಡುವುದಿಲ್ಲ. ಸೊಸೆಯನ್ನು 'ಮಗಳೇ' ಎನ್ನುತ್ತಾರೆ. ಉಂಗುರ ಎಡಗೈಗೆ ಹೋಗಿದೆ. ಅದು ಕುರ್ಚಿಯನ್ನು ಕುಟ್ಟುವುದೇ ಇಲ್ಲ. ತಲೆ ಬಾಚುವಾಗ ಕೂದಲಿನಿಂದ ಮಣ್ಣು ಉದುರುತ್ತದೆ. ಪುಟ್ಟಿ ಮಾತ್ರ ಅಜ್ಜಿಯ ಹತ್ತಿರ ಹೋಗುವುದಿಲ್ಲ. ಆ ಸಂಜೆಯದು ಅವಳಿಗೆ ನೆನಪಿಲ್ಲ, ಆದರೂ ಹೋಗುವುದಿಲ್ಲ.

"ಅಮ್ಮ ಎಷ್ಟು ಬದಲಾಗಿದ್ದಾರೆ ನೋಡು. ಎಲ್ಲ ನಿನ್ನ ಆ ಕೋಣೆಯ ಪುಣ್ಯ," ಎನ್ನುತ್ತಾನೆ ಗಂಡ.

ಮಧ್ಯಾಹ್ನ ಗಂಡ ಕೆಲಸದಲ್ಲಿ, ಪುಟ್ಟಿ ಶಾಲೆಯಲ್ಲಿ ಇರುವಾಗ ಸೊಸೆ ಒಬ್ಬಳೇ ಕೆಳಗಿಳಿದು ತಾನೇ ಹೊಲಿದು ಮುಚ್ಚಿದ ಬಟ್ಟೆಗೆ ಕಿವಿಯಿಡುತ್ತಾಳೆ.

ಟಕ್ ಟಕ್ ಟಕ್.

"ಮಗು ಊಟ ಮಾಡ್ತಾ?"

"ಮಾಡ್ತು ಅತ್ತೆ."

"ನಿನ್ನ ಕೈ ಅಡುಗೇನಾ? ಪಾಪ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಾಳೆ. ಅತ್ತೆಯ ಬದಲಿಗೆ ತಾನೇ ಕೈ ಹಾಕಬಹುದು. ಆದರೆ ಆಗ ಮೇಲಿರುವುದು ತನ್ನ ಮುಖ ಹೊತ್ತು ಪುಟ್ಟಿಯನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುತ್ತದೆ.

ಒಂದು ಸಂಜೆ ಗಂಡ ಕೇಳಿದ, "ನಿನ್ನ ಉಗುರಿನ ಗಾಯ ಇನ್ನೂ ವಾಸಿಯಾಗಿಲ್ಲ. ಅವತ್ತು ಕೆಳಗೆ ನಿಜವಾಗಿ ಏನಾಯ್ತೇ?"

ಹೇಳಿದರೆ ಇವನು ಈಗಲೇ ಓಡುತ್ತಾನೆ. ಅಮ್ಮನಿಗಾಗಿ ಕೈ ಹಾಕುತ್ತಾನೆ. ಪುಟ್ಟಿ ಹಿಂದೆಯೇ ಓಡುತ್ತಾಳೆ. ಕುರ್ಚಿಯಲ್ಲಿ ಕೂತಿದ್ದವರು ತಲೆಯೆತ್ತಿ, ಮೆಲ್ಲಗೆ ನಗುತ್ತ, ಅವಳ ಉತ್ತರಕ್ಕೆ ಕಾಯುತ್ತಿದ್ದರು.

"ಏನಿಲ್ಲ ರೀ," ಎಂದಳು. "ಫ್ಯೂಸ್ ಹೋಗಿತ್ತು, ಅಷ್ಟೇ."

ಇನ್ನು ಯಾರು ಕೇಳಿದರೂ ಇಷ್ಟೇ ಹೇಳುವುದೆಂದು ನಿರ್ಧರಿಸಿ, ಅವಳು ಪುಟ್ಟಿಗೆ ತಟ್ಟೆ ಇಟ್ಟಳು.