ಹಟ್ಟಿಕೇರಿಯ ಎರಡು ಕೋಣೆ

ಮೇ ತಿಂಗಳ ಎರಡನೇ ವಾರ. ಅಂಕೋಲೆಯ ಬಸ್‌ಸ್ಟ್ಯಾಂಡಿನ ಎದುರು ಇಶಾಡು ಮಾವಿನ ಬುಟ್ಟಿಗಳು ಸಾಲಾಗಿ ಕೂತಿದ್ದವು. ಬಿಸಿಲು ಸರಿದಂತೆ ಮಾರುವ ಹೆಂಗಸರೂ ಬುಟ್ಟಿಗಳನ್ನು ನೆರಳಿಗೆ ಎಳೆದುಕೊಳ್ಳುತ್ತಿದ್ದರು. ನಾಗೇಶ ತನ್ನ ಸುಮೋದ ಗಾಜು ಒರೆಸುತ್ತಿದ್ದ. ಗೋವಾದಲ್ಲಿ ವಾಟರ್ ಪಾರ್ಕು ಶುರುವಾದ ಮೇಲೆ ಘಟ್ಟದ ಮೇಲಿನ ಕುಟುಂಬಗಳು ರಜೆಯಲ್ಲಿ ಇಲ್ಲಿ ಬಸ್ಸಿಳಿದು ಅವನ ಗಾಡಿ ಹಿಡಿಯುತ್ತಿದ್ದವು. ರಾತ್ರಿ ಕಾರವಾರದಲ್ಲಿ ಉಳಿದು, ಬೆಳಿಗ್ಗೆ ಗೇಟು ತೆಗೆಯುವ ಹೊತ್ತಿಗೆ ಪಾರ್ಕು ಮುಟ್ಟುವುದು ವಾಡಿಕೆ.

ನಾಲ್ಕು ಗಂಟೆಗೆ ಸಿದ್ದಾಪುರದ ವಿಘ್ನೇಶ್ವರ ಹೆಗಡೆ, ಹೆಂಡತಿ ವೇದಾವತಿ, ಹತ್ತು ವರ್ಷದ ಮಗಳು ಪ್ರಣತಿ ಗಾಡಿ ಹತ್ತಿದರು.

"ಕಾರವಾರದಲ್ಲಿ ಒಂದು ಒಳ್ಳೇ ಲಾಜ್ ತೋರಿಸು ಮಾರಾಯ. ಮೀನಿನ ವಾಸನೆ ಬರಬಾರದು, ಅಷ್ಟೇ," ಎಂದರು ಹೆಗಡೆ.

"ನೋಡ್ವಾ ಹೆಗಡೇರೆ. ಈಗ ಸೀಜನ್ನು. ಸಿಗೂದು ಕಷ್ಟ."

ಹಟ್ಟಿಕೇರಿಯಲ್ಲಿ, ರಸ್ತೆ ಪಕ್ಕದ ಹಂಚಿನ ಮನೆಯ ಮುಂದೆ ನಾಗೇಶ ಎರಡು ಸಲ ಹಾರ್ನ್ ಹೊಡೆದ. ಅಂಗಳದಲ್ಲಿ ಮಾವಿನ ಹಪ್ಪಳಕ್ಕೆ ಚಾಪೆಯ ಮೇಲೆ ರಸ ಹಚ್ಚುತ್ತಿದ್ದ ಹೆಂಗಸು ತಲೆ ಎತ್ತಿದಳು. ಕೈ ರಸವಾಗಿತ್ತು. ಕೆನ್ನೆಗೆ ಬಿದ್ದ ಕೂದಲನ್ನು ಮೊಣಕೈಯಿಂದ ಸರಿಸಿ, ಗಾಡಿ ತಿರುವು ದಾಟುವವರೆಗೆ ನೋಡಿದಳು.

"ಮುಂದೆ ಯಾರೂ ಇಲ್ಲ, ಹಾರ್ನ್ ಎಂತಕ್ಕೆ?" ಎಂದಳು ಪ್ರಣತಿ.

"ದನ ಬರ್ತವು ತಂಗಿ."

"ಎಲ್ಲಿ?"

ನಾಗೇಶ ಗೇರು ಬದಲಿಸಿದ. ಕನ್ನಡಿಯಲ್ಲಿ ವೇದಾವತಿ ಅವನನ್ನೇ ನೋಡುತ್ತಿದ್ದರು.

ಅಂಗಳದಲ್ಲಿದ್ದ ಹೆಂಗಸು ಯಶೋದಾ. ಅವಳೂ ನಾಗೇಶನೂ ಅರ್ಗಾದಲ್ಲಿ ಬೇಲಿಗೆ ಬೇಲಿ ತಾಗಿದ ಮನೆಯವರು. ನೌಕಾನೆಲೆಗೆ ಜಾಗ ಹೋದ ಮೇಲೆ ಅವನ ಮನೆಯವರು ಅವರ್ಸಾಕ್ಕೆ ಬಂದರು, ಅವಳ ತಂದೆ ಪರಿಹಾರದ ದುಡ್ಡಿನಲ್ಲಿ ಹಟ್ಟಿಕೇರಿಯಲ್ಲಿ ಮನೆ ಕಟ್ಟಿಸಿದ. ತಂದೆ ತೀರಿದ ಮೇಲೆ ಯಶೋದಾ ರಸ್ತೆ ಕಡೆಯ ಎರಡು ಕೋಣೆಗೆ ಮಂಚ ಹಾಕಿ ಪ್ರವಾಸಿಗರಿಗೆ ಕೊಡತೊಡಗಿದಳು. ಘಟ್ಟದ ಮೇಲಿನವರಿಗೆಂದು ಮೀನು ಮುಟ್ಟಿಸದ ಬೇರೆ ಒಲೆ, ಬೇರೆ ಪಾತ್ರೆ ಇಟ್ಟಿದ್ದಳು. ವಾಸ್ಕೋದಲ್ಲಿರುವ ಅಣ್ಣನಿಗೆ ಇದೆಲ್ಲ ಸರಿಕಾಣಲಿಲ್ಲ. "ಈ ಸೀಜನ್ನಿನಲ್ಲೂ ಕೋಣೆ ತುಂಬದಿದ್ರೆ ಮನೆ ಬಾಡಿಗೆಗೆ ಕೊಟ್ಟು ಇಲ್ಲಿಗೆ ಬಾ" ಎಂದಿದ್ದ. ಮಳೆ ಬೀಳುವ ಮೊದಲು ಉತ್ತರ ಹೇಳುತ್ತೇನೆಂದು ಇವಳೂ ಒಪ್ಪಿದ್ದಳು.

ಅವಳು ಹೋಗಕೂಡದು. ಇದನ್ನು ಬಾಯಿಬಿಟ್ಟು ಹೇಳುವುದು ನಾಗೇಶನಿಗೆ ಅರ್ಗಾದಲ್ಲಿ ಆಗಿರಲಿಲ್ಲ, ಇಲ್ಲಿಯೂ ಆಗಲಿಲ್ಲ. ಅವನಿಗೆ ತಿಳಿದದ್ದು ಒಂದೇ ದಾರಿ. ಈ ಸೀಜನ್ನಿನಲ್ಲಿ ಹನ್ನೊಂದು ಕುಟುಂಬಗಳನ್ನು ತಂದು ಅವಳ ಅಂಗಳದಲ್ಲಿ ಇಳಿಸಿದ್ದ.

ಕಾರವಾರದ ಮೊದಲನೇ ಲಾಜಿನೊಳಗೆ ಹೋಗಿ, ನೀರು ಕುಡಿದು, ಹೊರಗೆ ಬಂದು "ಫುಲ್ಲು" ಎಂದ. ಎರಡನೆಯದರಲ್ಲಿ, "ನೇವಿ ಕಂಟ್ರಾಕ್ಟರ್ ಜನ ತಿಂಗಳ ಬಾಡಿಗೆಗೆ ಹಿಡಿದಾರಂತೆ" ಎಂದ. ಮೂರನೆಯದರ ಎದುರು ವೇದಾವತಿ ಅವನಿಗಿಂತ ಮೊದಲೇ ಇಳಿದರು.

"ಬಾತ್‌ರೂಮಿಗೆ ಹೋಗಿ ಬರ್ತೆ."

ನಾಗೇಶ ಗಾಡಿಯ ಪಕ್ಕದಲ್ಲೇ ನಿಂತ. ಐದು ನಿಮಿಷದ ನಂತರ ಅವರು ಒದ್ದೆ ಮುಖ ಸೆರಗಿನಲ್ಲಿ ಒರೆಸಿಕೊಳ್ಳುತ್ತ ಬಂದರು.

"ಇಲ್ಲೂ ಫುಲ್ಲಾ?" ಎಂದು ಹೆಗಡೆ ಕೇಳಿದರು.

ವೇದಾವತಿ ನಾಗೇಶನ ಕಡೆ ನೋಡಿದರು. "ಅವನನ್ನೇ ಕೇಳಿ."

"ಫುಲ್ಲೇ ಇರೂದು," ಎಂದ ನಾಗೇಶ. "ಹಟ್ಟಿಕೇರಿಲಿ ಒಂದು ಮನೆ ಉಂಟು. ಚೊಕ್ಕ. ಮೀನಿನ ವಾಸನೆ ಇಲ್ಲ."

"ಬಂದ ದಾರಿಯಲ್ಲೇ ಇಪ್ಪತ್ತೈದು ಕಿಲೋಮೀಟರ್ ವಾಪಸ್ಸಾ?"

"ಹೋಪನ," ಎಂದರು ವೇದಾವತಿ. "ಆ ಮನೆ ನನಗೂ ನೋಡವು."

ಯಶೋದಾ ಹೊಸ ಚಾದರ ಹಾಸಿದಳು, ಒಲೆ ತೋರಿಸಿದಳು, ಹಿತ್ತಲಿನ ಬದನೆ ತಂದಿಟ್ಟಳು. ಅಡುಗೆಯನ್ನು ವೇದಾವತಿಯೇ ಮಾಡಿದರು. ಊಟವಾದ ಮೇಲೆ ಇಬ್ಬರೂ ಜಗುಲಿಯಲ್ಲಿ ಮಾವು ಹೆಚ್ಚುತ್ತ ಕೂತರು. ನಾಗೇಶ ಬಾವಿಯಿಂದ ನೀರು ಸೇದುತ್ತಿದ್ದ.

"ನಿನ್ನ ಡ್ರೈವರ್ ಬಹಳ ಒಳ್ಳೆಯವ," ಎಂದರು ವೇದಾವತಿ.

"ನನ್ನವ ಎಂತಕ್ಕೆ ಆಗ್ತಾನ್ರಾ. ಜನರನ್ನ ತರ್ತಾ. ಕಾರವಾರದಲ್ಲಿ ಎಲ್ಲೂ ಸಿಗದಿದ್ದಾಗ."

"ಸಿಗದೇ ಎಂತ. ಬಾತ್‌ರೂಮಿಗೆ ಹೋದಾಗ ಕೌಂಟರಿನವ ನನ್ನನ್ನೇ ಕರೆದು ಕೇಳಿದ, ರೂಮ್ ಬೇಕಾ ಅಂತ. ನಾಲ್ಕು ಖಾಲಿ ಇತ್ತು."

ಅವರು ನಗಿಸಲೆಂದೇ ಹೇಳಿದ್ದರು. ಯಶೋದಾ ನಗಲಿಲ್ಲ. ಬಾವಿಯ ಹತ್ತಿರ ರಾಟೆಯ ಸದ್ದು ನಿಂತಿತು.

ಬೆಳಿಗ್ಗೆ ಅವನು ಗಾಡಿ ತೊಳೆಯುವಾಗ ಅವಳು ಚಹಾ ತಂದಳು. ಲೋಟವನ್ನು ಕೈಗೆ ಕೊಡದೆ ಬಾನೆಟ್ಟಿನ ಮೇಲೆ ಇಟ್ಟಳು.

"ಹನ್ನೊಂದು ಮನೆಯವರಿಗೂ ಹೀಗೇ ಹೇಳಿದ್ಯಾ?"

"ಹೂಂ."

"ನನ್ನ ಮನೆ ಚೆಂದ ಉಂಟು, ಜನ ಕೇಳ್ಕಂಡು ಬರ್ತ್ರು ಅಂತ ಅಣ್ಣನ ಕೂಡೆ ಜಂಬ ಹೊಡೆದೆ. ಎಲ್ಲ ನಿನ್ನ ಸುಳ್ಳು."

"ಮನೆ ಚೆಂದ ಉಂಟು. ಅದು ಸುಳ್ಳಲ್ಲ."

"ಯಾಕೆ ಮಾಡ್ದೆ ಇದೆಲ್ಲ?"

ನಾಗೇಶ ಬಟ್ಟೆ ಹಿಂಡಿದ. ನೀರು ಪೂರ್ತಿ ಹೋದ ಮೇಲೂ ಹಿಂಡುತ್ತಲೇ ಇದ್ದ.

"ಹೇಳೂಕೆ ಆಗೂದಿಲ್ಲ ಅಲ್ಲ?" ಎಂದಳು. "ನಿಂಗೆ ನನ್ನ ಕೂಡೆ ಮಾತು ಬೇಕಿದ್ರೆ ನೀ ಬಾ. ಪಾಪದವರನ್ನ ಮೋಸ ಮಾಡಿ, ಅವರ ಬೆನ್ನ ಹಿಂದೆ ಅಡಗಿ ಬರೂದು ಬೇಡ. ಮೊದ್ಲು ಅವ್ರ ಹತ್ರ ನಿಜ ಹೇಳು. ಇಲ್ದಿದ್ರೆ ನಾ ವಾಸ್ಕೋಗೆ ಹೋಗ್ತೆ, ನಿನ್ನ ಗಿರಾಕಿಗಳನ್ನ ನೀನೇ ಮಲಗಿಸ್ಕ."

ಅವಳು ಒಳಗೆ ಹೋದಳು. ಚಹಾ ಆರಿತು.

ಪಾರ್ಕಿನ ಗೇಟಿನ ಎದುರು ಹೆಗಡೆ ಮಗಳ ಟೊಪ್ಪಿ ಸರಿಮಾಡುತ್ತಿದ್ದರು. ಸಂಜೆ ಐದಕ್ಕೆ ಬಾ ಎಂದರು. ನಾಗೇಶ ಹೋಗಲಿಲ್ಲ.

"ಹೆಗಡೇರೆ, ನಿನ್ನೆ ಲಾಜಲ್ಲಿ ರೂಮ್ ಇತ್ತು. ನಾ ಸುಳ್ಳು ಹೇಳ್ದೆ. ಕಾರವಾರಕ್ಕೆ ಹೋಗಿ ಬಂದ ಐವತ್ತು ಕಿಲೋಮೀಟರಿನ ಬಾಡಿಗೆ ಬೇಡ."

ಹೆಗಡೆಯವರ ಮುಖ ಬಿಗಿಯಿತು. "ಕಮಿಷನ್ನಿನ ಆಸೆಗಾ?"

"ಅಲ್ಲ. ಅವಳು ಊರು ಬಿಡ್ತಾಳೆ ಅಂತ."

ಹೆಗಡೆ ಹೆಂಡತಿಯ ಕಡೆ ತಿರುಗಿದರು. ವೇದಾವತಿ ಟಿಕೆಟಿನ ಸಾಲನ್ನು ಬಹಳ ಗಮನವಿಟ್ಟು ನೋಡುತ್ತಿದ್ದರು.

"ನಿಂಗೆ ಗೊತ್ತಿತ್ತನೇ?"

"ಯಾವ ಡ್ರೈವರ್ರೂ ಸುಮ್ಮನೆ ಅಷ್ಟು ದೂರ ವಾಪಸ್ ಬರ್ತ್ನಿಲ್ಲೆ. ಎಂತ ಇದ್ದು ನೋಡನ ಹೇಳಿ ನಾ ಸುಮ್ಮನಿದ್ದಿ."

ಹೆಗಡೆ ಮಗಳ ಟೊಪ್ಪಿಯ ದಾರ ಬಿಗಿದರು. "ಆ ಐವತ್ತು ಕಿಲೋಮೀಟರಿನ ಬಾಡಿಗೆ ನಾನಂತೂ ಕೊಡೋದಿಲ್ಲ," ಎಂದರು. "ಹಾಸಿಗೆ ಮಾತ್ರ ಚೊಕ್ಕ ಇತ್ತು."

ಹನ್ನೆರಡರ ಸುಮಾರಿಗೆ ಸುಮೋ ಹಟ್ಟಿಕೇರಿಯ ಅಂಗಳದಲ್ಲಿ ನಿಂತಿತು. ಯಶೋದಾ ಚಾಪೆ ಮಗುಚಿ ಹಾಕುತ್ತಿದ್ದವಳು ಎದ್ದು ಬಂದು ಹಿಂದಿನ ಸೀಟು ಬಗ್ಗಿ ನೋಡಿದಳು. ಯಾರೂ ಇರಲಿಲ್ಲ.

"ಹೇಳ್ದ್ಯಾ?"

"ಹೇಳ್ದೆ. ಐವತ್ತು ಕಿಲೋಮೀಟರಿನ ಬಾಡಿಗೆ ಬಿಟ್ಟೆ. ಅವರದ್ದು ಮುಗೀತು."

"ನನ್ನದು?"

"ನಿನ್ನದು ಎಂತದು?"

"ಹನ್ನೊಂದು ಸಲ ಬಂದೆ, ಚಹಾ ಕುಡಿದೆ, ಒಂದು ಮಾತಾಡದೇ ಹೋದೆ. ಅರ್ಗಾದ್ದು ಬೇರೆ ಉಂಟು. ಅದೆಲ್ಲ ಯಾರು ತೀರಿಸೂದು?"

ನಾಗೇಶ ಚಪ್ಪಲಿ ಬಿಟ್ಟ. ಬಿಸಿ ನೆಲ ಸುಡುತ್ತಿತ್ತು, ಆದರೂ ಅಲ್ಲಿಯೇ ನಿಂತ.

"ನೀ ಹೋಗೂದು ಬೇಡ ಯಶೋದಾ," ಎಂದ. "ಕೋಣೆ ತುಂಬಲಿ, ತುಂಬದೇ ಇರಲಿ. ನೀ ಇಲ್ಲದಿದ್ರೆ ಈ ರಸ್ತೇಲಿ ಗಾಡಿ ಹೊಡೆಯೂಕೆ ನಂಗೆ ಮನಸ್ಸಿಲ್ಲ."

ಅವಳು ಕೈಗೆ ಅಂಟಿದ ರಸವನ್ನು ಉಗುರಿನಿಂದ ಕೆರೆದಳು. ಅದು ಒಣಗಿ ಗಟ್ಟಿಯಾಗಿತ್ತು.

"ಸಂಜೆ ಅಣ್ಣಗೆ ಫೋನ್ ಮಾಡ್ತೆ. ಮನೆ ಬಾಡಿಗೆಗಿಲ್ಲ ಅಂತ," ಎಂದಳು. ಮತ್ತೆ, "ಎಷ್ಟು ಹೊತ್ತು ಉಂಟು ನಿಂಗೆ?"

"ಎರಡು ತಾಸು. ದಾರಿಗೇ ಮೂರು ತಾಸು ಬೇಕು, ಐದಕ್ಕೆ ಪಾರ್ಕಿನ ಹತ್ರ ಇರಬೇಕು."

"ಸಾಲೂದಿಲ್ಲ," ಎಂದು ಯಶೋದಾ ಬಾಗಿಲಿನಿಂದ ಸರಿದು ಅವನಿಗೆ ದಾರಿ ಬಿಟ್ಟಳು.